ನೀಲಿ ಬದಿ ಕೆಟ್ಟಿದೆ

ಆ ಆಸ್ಪತ್ರೆಯ ಶ್ರವಣ ವಿಭಾಗದಲ್ಲಿ ಪ್ರತಿದಿನದ ಮೊದಲ ರೋಗಿ ಯಂತ್ರವೇ. ಹೊರಗಿನ ಬೆಂಚಿನಲ್ಲಿ ಜನ ಬಂದು ಕೂರುವ ಮುಂಚೆ ವಿದ್ಯಾರ್ಥಿಗಳಲ್ಲಿ ಒಬ್ಬರು ಒಳಗೆ ಹೋಗಿ, ಕಿವಿ ಪರೀಕ್ಷೆಯ ಯಂತ್ರದ ಹೆಡ್‌ಫೋನನ್ನು ತಾವೇ ತಲೆಗೇರಿಸಿಕೊಂಡು, ದಪ್ಪ ಸದ್ದಿನಿಂದ ಹಿಡಿದು ತೀರಾ ಕೀರಲು ಸದ್ದಿನವರೆಗೆ ಒಂದೊಂದನ್ನೂ ಕೇಳಬೇಕು. ಕೆಂಪು ಬದಿ ಬಲಗಿವಿಗೆ, ನೀಲಿ ಬದಿ ಎಡಗಿವಿಗೆ. ನಿನ್ನೆ ಕೇಳಿಸಿದಷ್ಟೇ ಇಂದೂ ಕೇಳಿಸಿದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಊರವರ ಕಿವಿ ಅಳೆಯುವ ಯಂತ್ರವನ್ನು ಅಳೆಯಲು ಕೊನೆಗೂ ಒಂದು ಕಿವಿಯೇ ಬೇಕು ಎಂಬುದು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು. ಒಳಗಿನವರಿಗೆ ಅದು ಪೊರಕೆ ಹಿಡಿದು ನೆಲ ಗುಡಿಸಿದಷ್ಟೇ ಮಾಮೂಲಿ ಕೆಲಸ.

ಆ ಕಿವಿ ಪುಟ್ಟಿಯದು. ಮನೆಗೆ ಕಿರಿಯವಳಾದ್ದರಿಂದ ಅವಳು ಪುಟ್ಟಿ. ಎಂ.ಎಸ್ಸಿ. ಆಡಿಯಾಲಜಿಯ ಎರಡನೇ ವರ್ಷಕ್ಕೆ ಬಂದು, ಬಾಡಿಗೆ ಕೋಣೆಯಲ್ಲಿ ತಾನೇ ಬೇಯಿಸಿಕೊಂಡು ತಿನ್ನುವ ಹೊತ್ತಿಗೂ ಆ ಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಮಾತ್ರ ಅವಳಿಗೆ ಬೇರೆ ಹೆಸರಿತ್ತು: ಬೆಕ್ಕಿನಕಿವಿ. ಮೊದಲ ವರ್ಷ ವಿದ್ಯಾರ್ಥಿಗಳೆಲ್ಲ ಒಬ್ಬರ ಕಿವಿ ಒಬ್ಬರು ಪರೀಕ್ಷಿಸಿ ಕಲಿಯುತ್ತಿದ್ದಾಗ, ಉಳಿದವರು ಯಾವ ಸದ್ದಿಗೆ ಕಣ್ಣು ಕಣ್ಣು ಬಿಡುತ್ತಿದ್ದರೋ ಅದಕ್ಕಿಂತ ಎಷ್ಟೋ ಸಣ್ಣ ಸದ್ದಿಗೆ ಇವಳು ಗುಂಡಿ ಒತ್ತಿದ್ದಳು. ವಿಭಾಗದ ಮುಖ್ಯಸ್ಥೆ ಅವಳ ಫಲಿತಾಂಶದ ಗೆರೆಯನ್ನು ಗೋಡೆಯ ಬೋರ್ಡಿಗೆ ಅಂಟಿಸಿ, "ನೋಡ್ರಪ್ಪಾ, ಮನುಷ್ಯರ ಕಿವಿ ಇಷ್ಟು ಚೆನ್ನಾಗಿರೋಕೂ ಸಾಧ್ಯ. ನೀವು ಆ ಇಯರ್‌ಫೋನ್ ಕಿತ್ತು ಬಿಸಾಕಿ" ಎಂದಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಹೊಗಳಿಕೆಯ ವಿಷಯದಲ್ಲಿ ಬಹಳ ಜಿಪುಣರು. ಅಂಥವರ ಬಾಯಿಂದ ಬಂದ ಮಾತು ಪುಟ್ಟಿಯ ತಲೆಗೇರದೆ ಇರುತ್ತದೆಯೇ? ಅಂದಿನಿಂದ ಬೆಳಗಿನ ಕೆಲಸ ಯಾರೂ ವಹಿಸದೆಯೇ ಅವಳದಾಯಿತು. ಕೋಣೆಯ ದಪ್ಪ ಬಾಗಿಲು ಎಳೆದುಕೊಂಡು, ಹೊರಗಿನ ಲೋಕವೆಲ್ಲ ನಿಂತುಹೋದ ಆ ಮೌನದಲ್ಲಿ ಒಬ್ಬಳೇ ಕೂರುವುದೆಂದರೆ ಅವಳಿಗೆ ಎಲ್ಲಿಲ್ಲದ ಸುಖ.

ಅವಳು ಈ ಓದಿಗೆ ಬಂದದ್ದು ಅಪ್ಪನಿಂದ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುತ್ತಿದ್ದವನು. ಆ ಗದ್ದಲ ಅವನ ಕಿವಿಯನ್ನು ಮೆಲ್ಲಮೆಲ್ಲಗೆ ತಿಂದುಹಾಕಿತ್ತು. ಅವನು ಮಾತ್ರ ಅದನ್ನು ಒಪ್ಪಲಿಲ್ಲ. ಟಿವಿಯ ದನಿ ಸತ್ತುಹೋಗಿದೆ ಎಂದು ಅದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದ. ಅಂಗಡಿಯವನು ಟಿವಿಗೆ ಏನೂ ಆಗಿಲ್ಲ ಎಂದ. ಅಪ್ಪ ಅಂಗಡಿ ಬದಲಾಯಿಸಿದ. ಅಲ್ಲೂ ಅದೇ ಉತ್ತರ ಬಂದಾಗ, ಈಗಿನ ಹುಡುಗರಿಗೆ ಕೆಲಸವೇ ಬರುವುದಿಲ್ಲ ಎಂದು ಮನೆತುಂಬ ಬೈದುಕೊಂಡು ಓಡಾಡಿದ. ಪುಟ್ಟಿ ಈ ಕಥೆಯನ್ನು ಸೀಟಿನ ಸಂದರ್ಶನದಲ್ಲೂ ಹೇಳಿದ್ದಳು, ಕ್ಲಾಸಿನಲ್ಲೂ ಅಪ್ಪನ ಮುಖಭಾವ ಸಮೇತ ಮಾಡಿ ತೋರಿಸಿದ್ದಳು. ಬಿದ್ದು ಬಿದ್ದು ನಕ್ಕವರಲ್ಲಿ ಮೇಡಂ ಕೂಡ ಇದ್ದರು.

ಎರಡನೇ ವರ್ಷದ ನಡುವೆ ಒಂದು ಬೆಳಿಗ್ಗೆ ನೀಲಿ ಬದಿಯ ಕೀರಲು ಸದ್ದುಗಳು ತೆಳ್ಳಗಾಗಿದ್ದವು. ದಪ್ಪ ಸದ್ದುಗಳೆಲ್ಲ ಎಂದಿನಂತೆ ದುಂಡಗೆ ಬಂದವು, ಮೇಲಕ್ಕೆ ಹೋದಂತೆ ಪಕ್ಕದ ಮನೆಯಲ್ಲಿ ಯಾರೋ ಗಂಟೆ ಅಲ್ಲಾಡಿಸಿದ ಹಾಗೆ. ಪುಟ್ಟಿ ವೈರು ಎಳೆದು ನೋಡಿದಳು, ಪಿನ್ನು ಕಿತ್ತು ಮತ್ತೆ ಚುಚ್ಚಿದಳು, ಮೆತ್ತೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಬದಲಾಗಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೊದಲ ವಾರವೇ ಹೇಳಿಕೊಡುತ್ತಾರೆ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಬೇಕು, ಕೆಂಪು ಎಡಕ್ಕೆ, ನೀಲಿ ಬಲಕ್ಕೆ. ತೆಳುಸದ್ದು ನೀಲಿಯ ಜೊತೆ ಬಲಗಿವಿಗೆ ಬಂದರೆ ತೊಂದರೆ ಹೆಡ್‌ಫೋನಿನದು. ಎಡಗಿವಿಯಲ್ಲೇ ಉಳಿದರೆ ತೊಂದರೆ ಕಿವಿಯದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಕೆಲಸ. ಪುಟ್ಟಿ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನು ಮೊಳೆಗೆ ತಗುಲಿಹಾಕಿ ಹೊರಗೆ ಬಂದಳು.

"ಮೇಡಂ, ನೀಲಿ ಬದಿ ಕೆಟ್ಟಿದೆ."

ಮೇಡಂ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮುಳುಗಿದ್ದರು. "ಎಷ್ಟು ಕಡಿಮೆ ಬರ್ತಿದೆ?"

"ಇಪ್ಪತ್ತು ಡೆಸಿಬೆಲ್‌ನಷ್ಟು. ಮೇಲಿನ ಸದ್ದುಗಳಲ್ಲಿ ಮಾತ್ರ."

"ತಿರುಗಿಸಿ ಹಾಕ್ಕೊಂಡು ನೋಡಿದ್ಯಾ?"

"ನೋಡಿದೆ ಮೇಡಂ."

ಆ ಸುಳ್ಳು ಯಾಕೆ ಬಂತು, ಎಲ್ಲಿಂದ ಬಂತು ಎಂದು ಅವಳನ್ನು ಆಗ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕೆಮ್ಮು ಬಂದ ಹಾಗೆ ಬಂತು. ಬೇರೆ ಯಾರಾದರೂ ಹೇಳಿದ್ದರೆ ಮೇಡಂ ಎದ್ದು ಬಂದು ತಾವೇ ನೋಡುತ್ತಿದ್ದರು. ಹೇಳಿದವಳು ಬೆಕ್ಕಿನಕಿವಿ. ಅವರು ತಲೆಯೆತ್ತದೆ, "ರಿಪೇರಿಯವನು ಬಂದು ತಗೊಂಡು ಹೋಗೋ ತನಕ ಎಡಗಿವಿಯ ಮೇಲಿನ ಸದ್ದುಗಳಿಗೆ ಇಪ್ಪತ್ತು ಕಳೆದು ಬರೀರಿ" ಎಂದರು.

ಯಂತ್ರ ಐವತ್ತು ಎಂದು ತೋರಿಸುವಾಗ ನಿಜವಾಗಿ ಮೂವತ್ತನ್ನೇ ಕೊಡುತ್ತಿದ್ದರೆ, ಐವತ್ತಕ್ಕೆ ಗುಂಡಿ ಒತ್ತಿದವರು ಕೇಳಿಸಿಕೊಂಡದ್ದು ಮೂವತ್ತನ್ನು ಎಂಬ ಲೆಕ್ಕ ಅದು. ಯಂತ್ರ ಕೆಟ್ಟಿದ್ದರೆ ಸರಿಯಾದ ಲೆಕ್ಕವೇ. ಪುಟ್ಟಿ ದುಂಡಗಿನ ಅಕ್ಷರದಲ್ಲಿ ಹಾಗೆಂದು ಬರೆದು ಯಂತ್ರದ ಹಣೆಗೆ ಚೀಟಿ ಅಂಟಿಸಿದಳು.

ಅವಳ ಜೊತೆ ಓದುವ ಗೆಳತಿ ಆ ಚೀಟಿ ನೋಡಿ, ಹೆಡ್‌ಫೋನು ಹಾಕಿಕೊಂಡು ಕೇಳಿದಳು. "ನನಗೆ ಎರಡೂ ಕಡೆ ಒಂದೇ ಥರ ಕೇಳ್ತಿದೆಯಲ್ಲೇ."

"ನಿನ್ನ ಕಿವಿಗೆ ಅಷ್ಟು ಸೂಕ್ಷ್ಮ ಎಲ್ಲಿ ತಿಳೀಬೇಕು, ಬಿಡೇ."

"ಅದೂ ಸರಿಯೇ ಅನ್ನು," ಎಂದು ಗೆಳತಿ ನಕ್ಕು, ಹೆಡ್‌ಫೋನನ್ನು ಮತ್ತೆ ಮೊಳೆಗೆ ತಗುಲಿಹಾಕಿದಳು.

ಅಂದು ಮಧ್ಯಾಹ್ನವೇ ಟೈಲರಮ್ಮ ಬಂದದ್ದು. ಹೆಂಗಸರ ಬಟ್ಟೆ ಹೊಲಿಯುವ ಪುಟ್ಟ ಅಂಗಡಿ ಅವರದು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದರು, ತೆಗೆದಿಡಲು ಮರೆತಿದ್ದರು.

"ಮೊನ್ನೆ ಬೆಳಿಗ್ಗೆ ಎದ್ದಾಗಿಂದ ಎಡಗಿವಿಯೊಳಗೆ ಜೀರುಂಡೆ ಕೂತ್ಕೊಂಡಿದೆ ನೋಡಮ್ಮಾ," ಎಂದರು. "ಕುಯ್ಯೋ ಅಂತ ಒಂದೇ ಸಮನೆ. ಫೋನ್ ಆ ಕಡೆ ಹಿಡಿದ್ರೆ ಸೊಸೆ ಬಾವಿಯೊಳಗಿಂದ ಮಾತಾಡಿದ ಹಾಗಿರುತ್ತೆ."

ಪುಟ್ಟಿ ಅವರನ್ನು ಗಾಜಿನ ಆಚೆಯ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಎಲ್ಲರಿಗೂ ಹೇಳುವುದನ್ನೇ ಹೇಳಿದಳು: "ಎಷ್ಟೇ ಸಣ್ಣಗೆ ಕೇಳಿಸಿದ್ರೂ ಒತ್ತಿ. ಕೇಳಿಸದಿದ್ರೆ ಒತ್ತಬೇಡಿ. ಅಷ್ಟೇ." ಎಡಗಿವಿಯ ಮೇಲಿನ ಸದ್ದುಗಳಿಗೆ ಟೈಲರಮ್ಮ ಒತ್ತಿದ್ದು ನಲವತ್ತೈದು, ಐವತ್ತಕ್ಕೆ. ಪುಟ್ಟಿ ಚೀಟಿಯ ಪ್ರಕಾರ ಇಪ್ಪತ್ತು ಕಳೆದಳು. ಕುಸಿದಿದ್ದ ಗೆರೆ ಮೇಲೆದ್ದು, ವಯಸ್ಸಿಗೆ ತಕ್ಕ ಹಾಗಿದೆ ಅನ್ನುವಲ್ಲಿಗೆ ಬಂದು ನಿಂತಿತು. ಮೇಡಂ ನೋಡಿ ಸಹಿ ಹಾಕಿದರು.

"ಅಂಥದ್ದೇನೂ ಇಲ್ಲಮ್ಮ. ಒಂದು ತಿಂಗಳು ಬಿಟ್ಟು ಮತ್ತೆ ಬನ್ನಿ," ಎಂದಳು ಪುಟ್ಟಿ.

"ಏನೂ ಇಲ್ವಾ? ಹಾಗಾದ್ರೆ ಈ ಜೀರುಂಡೆ?"

"ಸುಸ್ತಿಗೂ ಹಾಗಾಗುತ್ತೆ."

ಟೈಲರಮ್ಮ ಅವಳ ಮುಖವನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದರು. ಓದಿದ ಹುಡುಗಿ, ಅಷ್ಟು ದೊಡ್ಡ ಯಂತ್ರ. ತನಗೇ ಭ್ರಮೆ ಇರಬೇಕೆಂದುಕೊಂಡು ಎದ್ದು ಹೋದರು.

ಕೆಲವು ದಿನಗಳಲ್ಲಿ ರಿಪೇರಿಯವನು ಹೆಡ್‌ಫೋನನ್ನು ಕೊಂಡೊಯ್ದು ವಾಪಸ್ ತಂದ. ಅದಕ್ಕೆ ಏನೂ ಆಗಿರಲಿಲ್ಲ. "ವೈರು ಸಡಿಲ ಇದ್ದು ಈಗ ಸರಿಹೋಗಿರ್ಬೇಕು, ಹಾಕ್ಕೊಂಡು ನೋಡು" ಎಂದರು ಮೇಡಂ. ಪುಟ್ಟಿ ಹಾಕಿಕೊಂಡಳು. ಸದ್ದುಗಳು ಹಾಗೆಯೇ ಇದ್ದವು, ತೆಳ್ಳಗೆ, ಪಕ್ಕದ ಮನೆಯಲ್ಲಿ.

"ಸರಿಹೋಗಿದೆ ಮೇಡಂ," ಎಂದಳು. ಎದ್ದು ಯಂತ್ರದ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು.

ಅಲ್ಲಿಂದ ಮುಂದೆ ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೆಡ್‌ಫೋನು ಸರಿಯಿದ್ದರೆ ಇಪ್ಪತ್ತು ಕಳೆದದ್ದು ತಪ್ಪು. ಅದು ತಪ್ಪಾದರೆ ಟೈಲರಮ್ಮನ ಎಡಗಿವಿ ಇದ್ದಕ್ಕಿದ್ದಂತೆ ಕೆಟ್ಟಿದೆ. ಹಾಗೆ ರಾತ್ರೋರಾತ್ರಿ ಕೆಟ್ಟ ಕಿವಿಗೆ ಮೊದಲ ಒಂದೆರಡು ವಾರದೊಳಗೆ ಔಷಧ ಬಿದ್ದರೆ ಉಂಟು, ತಡವಾದರೆ ಇಲ್ಲ. ಇದನ್ನು ಅವಳೇ ಹೋದ ತಿಂಗಳು ಕ್ಲಾಸಿನಲ್ಲಿ ನಿಂತು ವಿವರಿಸಿದ್ದಳು. ಆದರೆ ಟೈಲರಮ್ಮನನ್ನು ಕರೆಸಬೇಕಾದರೆ ಯಾಕೆಂದು ಮೇಡಂಗೆ ಹೇಳಬೇಕು. ಹೇಳಿದರೆ ಕೆಟ್ಟದ್ದು ತನ್ನ ಕಿವಿ ಎಂದು ಬಾಯಿಬಿಟ್ಟು ಒಪ್ಪಬೇಕು. ಒಂದೇ ಕಿವಿ ಕೆಟ್ಟರೆ ತಲೆಯೊಳಗಿನ ಚಿತ್ರ ತೆಗೆಸಲು ಕಳಿಸುತ್ತಾರೆ, ನರದ ಮೇಲೆ ಏನಾದರೂ ಬೆಳೆಯುತ್ತಿದೆಯೇ ಎಂದು ನೋಡಲು. ಓದಿದವರ ಪಾಡೇ ಇಷ್ಟು. ಓದದವರಿಗೆ ಒಂದು ಹೆದರಿಕೆಯಾದರೆ ಇವರಿಗೆ ಪುಸ್ತಕದ ಇಡೀ ಅಧ್ಯಾಯವೇ ಕಣ್ಣಮುಂದೆ ಬಂದು ನಿಲ್ಲುತ್ತದೆ. ಫೋನನ್ನು ಬಲಗಿವಿಗೇ ಹಿಡಿಯುತ್ತಿರುವುದನ್ನು ತಾನೇ ಗಮನಿಸಿ, ಬೇಕೆಂದೇ ಎಡಕ್ಕೆ ಹಿಡಿದು ನೋಡಿದಳು. ಅಮ್ಮನ ಮಾತಿನಲ್ಲಿ ಸ, ಶಗಳ ಅಂಚು ಸವೆದುಹೋಗಿತ್ತು.

ರಜೆಯ ದಿನ ಮನೆಗೆ ಹೋದಳು. ಅಪ್ಪನಿಗೆ ಈಗ ಎರಡೂ ಕಿವಿಗೆ ಶ್ರವಣಯಂತ್ರ. ಬಲವಂತ ಮಾಡಿ ಹಾಕಿಸಿದವಳು ಪುಟ್ಟಿಯೇ. ಅಮ್ಮ ಒಳಗಿಂದ ಏನೋ ಕೇಳಿದಳು. ಪುಟ್ಟಿ ಕುತ್ತಿಗೆ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡಿ, "ಏನಂದೆ? ಸ್ವಲ್ಪ ಬಾಯಿಬಿಟ್ಟು ಮಾತಾಡಬಾರದಾ?" ಎಂದು ಸಿಡುಕಿದಳು.

"ಅಪ್ಪನ ಮಗಳೇ ಸರಿ," ಎಂದಳು ಅಮ್ಮ, ನಗುತ್ತ.

ಅಪ್ಪ ನಗಲಿಲ್ಲ. ಅವನು ಮಗಳ ತಿರುಗಿದ ಕುತ್ತಿಗೆಯನ್ನೇ ನೋಡುತ್ತಿದ್ದ. ಎಷ್ಟೋ ವರ್ಷ ಅವನದೇ ಕುತ್ತಿಗೆ ಹಾಗೆ ತಿರುಗುತ್ತಿತ್ತಲ್ಲ. ಅಮ್ಮ ಹಿತ್ತಲಿಗೆ ಹೋದ ಮೇಲೆ ಪುಟ್ಟಿ ಅವನ ಪಕ್ಕ ಬಂದು ಕೂತು, ನೆಲ ನೋಡುತ್ತ ಕೇಳಿದಳು.

"ಅಪ್ಪಾ, ಆ ಟಿವಿ ನಿಜವಾಗ್ಲೂ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ಯಾ?"

"ಇಲ್ಲ ಮಗಳೇ. ಗೊತ್ತಿತ್ತು."

"ಮತ್ತೆ ಎರಡೆರಡು ಅಂಗಡಿಗೆ ಯಾಕೆ ಹೊತ್ಕೊಂಡು ಹೋದೆ?"

ಅಪ್ಪ ತನ್ನ ಮಸಿ ಹಿಡಿದ ಉಗುರುಗಳನ್ನು ನೋಡಿಕೊಂಡ. "ಅದು ಅಂಗಡೀಲಿ ಇದ್ದಷ್ಟು ದಿನ ನನ್ನ ಕಿವಿ ಚೆನ್ನಾಗಿತ್ತಲ್ಲ, ಅದಕ್ಕೆ," ಎಂದ. ಆಮೇಲೆ, "ನೀನು ಯಾವ ಟಿವಿ ಹೊತ್ಕೊಂಡು ತಿರುಗ್ತಿದ್ದೀಯ?" ಎಂದು ಕೇಳಿದ.

ಪುಟ್ಟಿಗೆ ಅಳು ಒತ್ತರಿಸಿಕೊಂಡು ಬಂತು. ಈ ಮನುಷ್ಯನ ಕಥೆಯನ್ನು ಎಷ್ಟು ಜನರ ಮುಂದೆ ಹೇಳಿ ನಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಪ್ಪನ ಟಿವಿಯ ನೆಪದಿಂದ ನಷ್ಟವಾದದ್ದು ಅಪ್ಪನ ಕಿವಿಗೊಂದಕ್ಕೇ. ತನ್ನಿಂದ ಇನ್ನೊಬ್ಬರ ಕಿವಿ ಹೋಗುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ದಪ್ಪ ಬಾಗಿಲು ಎಳೆದುಕೊಂಡು, ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡಳು. ನೀಲಿ ಬದಿಯಿಂದ ಬಲಗಿವಿಗೆ ಕೀರಲು ಸದ್ದು ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿ ಬಂತು. ಕೆಂಪು ಬದಿಯಿಂದ ಎಡಗಿವಿಗೆ ಅದೇ ಪಕ್ಕದ ಮನೆಯ ಗಂಟೆ. ಅವಳು ಹೆಡ್‌ಫೋನು ತೆಗೆದು ನೇರ ಮೇಡಂ ಕೋಣೆಗೆ ಹೋದಳು. ಕೂರದೆ, ನಿಂತೇ ಎಲ್ಲ ಹೇಳಿದಳು.

ಮೇಡಂ ಪೂರ್ತಿ ಕೇಳಿಸಿಕೊಂಡರು. "ತಿರುಗಿಸಿ ನೋಡಿದೆ ಅಂದಿದ್ದೆಯಲ್ಲ?"

"ನೋಡಿರಲಿಲ್ಲ ಮೇಡಂ."

"ಕಿವಿಗೆ ಕಾಯಿಲೆ ಬರೋದು ಯಾರ ಕೈಯಲ್ಲೂ ಇಲ್ಲ. ಸುಳ್ಳು ಹೇಳಿದ್ದು ಯಾರು?" ಮೇಡಂ ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿರುತ್ತಿತ್ತು. "ನಾನೂ ಎದ್ದು ಬಂದು ನೋಡಲಿಲ್ಲ. ಸಹಿ ನಂದು. ಆ ದಿನಗಳಲ್ಲಿ ಬಂದೋರಿಗೆಲ್ಲ ಫೋನ್ ಮಾಡು. ಮೊದಲು ಆ ಟೈಲರಮ್ಮನಿಗೆ. ಮತ್ತೆ ಕೇಳಿಲ್ಲಿ, ನಿನ್ನ ಕಿವಿ ಪರೀಕ್ಷೆ ಆಗೋ ತನಕ ನೀನು ಯಾರ ಕಿವೀನೂ ಮುಟ್ಟಬೇಡ."

ಟೈಲರಮ್ಮ ಅರ್ಧ ಕತ್ತರಿಸಿದ ಬಟ್ಟೆ ಬಿಟ್ಟು ಬಂದರು. ಈ ಸಲ ಮೇಡಂ ತಾವೇ ಯಂತ್ರದ ಮುಂದೆ ಕೂತರು. ಗೆರೆ ಇನ್ನಷ್ಟು ಕುಸಿದಿತ್ತು. ಅಂದೇ ಅವರನ್ನು ಪಕ್ಕದ ಕಟ್ಟಡದ ಕಿವಿಯ ಡಾಕ್ಟರ ಬಳಿ ಕಳಿಸಿದರು. ಪುಟ್ಟಿ ಜೊತೆಗೆ ಹೋದಳು. ಡಾಕ್ಟರು ಗುಳಿಗೆ ಬರೆದರು, ಇಂಜೆಕ್ಷನ್ನಿಗೆ ದಿನ ಕೊಟ್ಟರು, ಚೀಟಿ ಹರಿದು ಕೊಡುತ್ತ, "ಮೊದಲೇ ಬರಬೇಕಿತ್ತು ನೀವು" ಎಂದರು.

"ಬಂದಿದ್ದೆ," ಎಂದರು ಟೈಲರಮ್ಮ.

ಹೊರಗಿನ ಮೆಟ್ಟಿಲ ಮೇಲೆ ಪುಟ್ಟಿ ಅವರಿಗೆ ನಡೆದದ್ದನ್ನೆಲ್ಲ ಹೇಳಿದಳು, ತನ್ನ ಕಿವಿಯದನ್ನೂ ಸೇರಿಸಿ. ಅವರು ಬಲಗಿವಿ ಕೊಟ್ಟು ಕೇಳಿದರು. ಔಷಧದ ಚೀಟಿಯನ್ನು ಮಡಚಿಕೊಂಡು ಇಳಿದು ಹೋದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲಿನ ದಿನಗಳಲ್ಲಿ ಬೆಳಗಿನ ಕೆಲಸ ಗೆಳತಿಯದಾಯಿತು. ಪುಟ್ಟಿ ಕಡತ ಜೋಡಿಸಿದಳು, ಮಕ್ಕಳ ಪರೀಕ್ಷೆಗೆ ಬೇಕಾದ ಆಟಿಕೆಗಳನ್ನು ತೊಳೆದಿಟ್ಟಳು, ಕೆಲಸವಿಲ್ಲದಾಗ ತೊಳೆದದ್ದನ್ನೇ ತೊಳೆದಳು. ತನ್ನ ಕಿವಿಯ ಪರೀಕ್ಷೆಗೆ ಮಾತ್ರ ಕೂರಲಿಲ್ಲ. ಒಮ್ಮೆ ನೆಗಡಿ ಎಂದಳು, ನೆಗಡಿಯಲ್ಲಿ ಕಿವಿ ಸರಿಯಾಗಿ ತೋರುವುದಿಲ್ಲವಂತೆ. ಒಮ್ಮೆ ಪರೀಕ್ಷೆಯ ಓದು ಎಂದಳು. ತಪ್ಪು ಒಪ್ಪಿಕೊಂಡಾಗಿತ್ತು. ಆದರೂ ಗೆರೆಯಾಗಿ ಕಾಗದದ ಮೇಲೆ ಬೀಳುವ ತನಕ ಕಿವಿ ಇನ್ನೂ ಎಲ್ಲೋ ರಿಪೇರಿ ಅಂಗಡಿಯಲ್ಲಿದೆ ಎಂದುಕೊಳ್ಳಬಹುದಲ್ಲ. ಮೇಡಂ ದಿನವೂ ಅವಳ ಮುಖ ನೋಡುತ್ತಿದ್ದರು, ಕೇಳುವುದನ್ನು ಬಿಟ್ಟಿದ್ದರು.

ಔಷಧವೆಲ್ಲ ಮುಗಿದ ಮೇಲೆ ಟೈಲರಮ್ಮ ಕೊನೆಯ ಪರೀಕ್ಷೆಗೆ ಬಂದರು. ನಡುವಿನ ಸದ್ದುಗಳು ಒಂದಿಷ್ಟು ಮರಳಿದ್ದವು. ಮೇಲಿನವು ಮರಳಿರಲಿಲ್ಲ. ಇನ್ನು ಮರಳುವುದಿಲ್ಲ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಟೈಲರಮ್ಮ ತಲೆಯಾಡಿಸಿ ಹೊರಬಂದು, ಆಟಿಕೆ ಒರೆಸುತ್ತಿದ್ದ ಪುಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತರು.

"ಸೂಜಿ ಮೊಂಡಾದ್ರೆ ಮಿಷಿನ್ನಿನ ಸದ್ದಿನಲ್ಲೇ ನನಗೆ ತಿಳೀತಿತ್ತು," ಎಂದರು. "ಈಗ ಬಟ್ಟೆ ಹರಿದ ಮೇಲೆ ತಿಳಿಯುತ್ತೆ. ಜೀರುಂಡೆ ಅಲ್ಲೇ ಇದೆ."

"ನನ್ನಿಂದ ಹೀಗಾಯ್ತು. ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲಮ್ಮ."

"ಅದನ್ನೆಲ್ಲ ಆಮೇಲೆ ನೋಡೋಣ. ನಿನ್ನ ಕಿವಿ ಏನಾಯ್ತು?"

ಪುಟ್ಟಿ ಬಟ್ಟೆ ಹಿಂಡಿ ಮತ್ತೊಂದು ಆಟಿಕೆ ಕೈಗೆತ್ತಿಕೊಂಡಳು.

"ಇನ್ನೂ ತೋರಿಸ್ಕೊಂಡಿಲ್ವಾ?" ಟೈಲರಮ್ಮನಿಗೆ ಇಷ್ಟು ದಿನ ಬಾರದಿದ್ದ ಸಿಟ್ಟು ಒಮ್ಮೆಲೇ ಬಂತು. "ಅಲ್ಲಮ್ಮಾ, ನಿನಗೇನು ತಲೆ ನೆಟ್ಟಗಿದೆಯಾ? ನನಗೆ ಗೊತ್ತಿರಲಿಲ್ಲ, ನಿನ್ನ ಮಾತು ನಂಬಿ ಕೂತೆ, ಕಿವಿ ಕಳ್ಕೊಂಡೆ. ನಿನಗೆ ಗೊತ್ತಿದ್ದೂ ಕೂತಿದ್ದೀಯಲ್ಲ! ಏಳು ಮೇಲೆ. ಹೋಗಿ ಒಳಗೆ ಕೂತ್ಕೋ. ನೀನು ಕೂತ್ಕೊಳ್ಳೋ ತನಕ ನಾನು ಇಲ್ಲಿಂದ ಏಳೋದಿಲ್ಲ."

ದನಿ ಕೇಳಿ ಮೇಡಂ ಬಾಗಿಲಿಗೆ ಬಂದರು. ಯಂತ್ರದ ಮುಂದಿನ ಕುರ್ಚಿ ಎಳೆದುಕೊಂಡು ಕೂತರು.

ಪುಟ್ಟಿ ಒಳಗೆ ಹೋದಳು. ಗೆಳತಿ ಅವಳಿಗೆ ಹೆಡ್‌ಫೋನು ಹಾಕಿ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಸರಿಪಡಿಸಿ, ಕೈಗೆ ಗುಂಡಿ ಕೊಟ್ಟು, ಭುಜವನ್ನೊಮ್ಮೆ ಒತ್ತಿ, ದಪ್ಪ ಬಾಗಿಲು ಹಾಕಿಕೊಂಡು ಹೋದಳು. ಮೇಡಂ ದನಿ ಕಿವಿಯೊಳಗೆ ಬಂತು: "ಎಷ್ಟೇ ಸಣ್ಣಗೆ ಕೇಳಿಸಿದ್ರೂ ಒತ್ತು. ಕೇಳಿಸದಿದ್ರೆ ಒತ್ತಬೇಡ."

ಬಲಗಿವಿ ಮುಗಿಯಿತು. ಎಡಗಿವಿಯ ದಪ್ಪ ಸದ್ದುಗಳಿಗೆ ಹೆಬ್ಬೆರಳು ತಾನಾಗಿಯೇ ಒತ್ತಿತು. ಮೇಲಿನವು ಶುರುವಾದವು. ಗಾಜಿನಾಚೆ ಮೇಡಂ ಅವರ ಮೊಣಕೈ ಅಲುಗುವುದು ಕಾಣುತ್ತಿತ್ತು. ಒಂದೂವರೆ ವರ್ಷ ಅವರ ಪಕ್ಕದಲ್ಲೇ ಕೂತು ಕಲಿತವಳು ಅವಳು. ಅವರು ಯಾವಾಗ ಸದ್ದು ಬಿಡುತ್ತಾರೆ, ಎಷ್ಟು ಹೊತ್ತು ತಡೆದು ಮುಂದಿನದನ್ನು ಬಿಡುತ್ತಾರೆ ಎಂಬುದೆಲ್ಲ ಬಾಯಿಪಾಠ. ಕಿವಿಯ ಹಂಗೇ ಇಲ್ಲದೆ, ಆ ಮೊಣಕೈ ನೋಡಿಕೊಂಡೇ ಒತ್ತುತ್ತ ಹೋಗಿ ಮತ್ತೆ ಬೆಕ್ಕಿನಕಿವಿಯಾಗಿ ಹೊರಗೆ ಬರಬಹುದಿತ್ತು.

ಮೊಣಕೈ ಅಲುಗಿತು. ಏನೂ ಕೇಳಿಸಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಮೇಡಂ ಅವರ ಹಿಂದೆ ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದರು.

ಪುಟ್ಟಿ ಕಣ್ಣು ಮುಚ್ಚಿಕೊಂಡಳು. ಒತ್ತಲಿಲ್ಲ.